‘ದಿ ಗ್ರೇ’ ಮುಗಿದಾಗ ಸಭೆ ಎರಡಾಗುವುದೇಕೆ?

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದ ಸಣ್ಣ ಚಿತ್ರ ಸಮಾಜ. ಇತ್ತೀಚೆಗೆ ‘ದಿ ಗ್ರೇ’ ತೋರಿಸಿದೆವು. ಅಲಾಸ್ಕದ ಹಿಮದಲ್ಲಿ ವಿಮಾನ ಬಿದ್ದು, ಬದುಕಿದವರ ಬೆನ್ನಿಗೆ ತೋಳಗಳು ಬೀಳುವ ಕಥೆ. ಮುಗಿಯುತ್ತಿದ್ದಂತೆ ಅರ್ಧ ಸಭೆ ‘ಕ್ಲೈಮ್ಯಾಕ್ಸೇ ಇಲ್ಲ, ಇದೆಂಥ ಮೋಸ’ ಎಂದು ಎದ್ದು ಹೋಯಿತು. ಉಳಿದವರು ಕುರ್ಚಿ ಬಿಟ್ಟು ಏಳಲೇ ಇಲ್ಲ. ಚರ್ಚೆಯೆಲ್ಲ ‘ತೋಳ ಹೀಗೆ ಮಾಡುತ್ತದಾ’ ಎಂಬ ಜಗಳದಲ್ಲೇ ಕಳೆಯಿತು. ಚಿತ್ರ ಸರಿಯಿಲ್ಲವೋ, ನಾವು ತೋರಿಸಿದ ಕ್ರಮ ಸರಿಯಿಲ್ಲವೋ? ಮತ್ತೆ ತೋರಿಸುವುದಾದರೆ ಏನೇನು ಮಾಡಬೇಕು?

ಉತ್ತರ: ಚಿತ್ರದ ಕೊನೆಯನ್ನು ಬಿಚ್ಚಿ ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ. ನೋಡದವರು ನೋಡಿದ ಮೇಲೆ ಓದಿ.

ಚಿತ್ರ ಸರಿಯಾಗಿಯೇ ಇದೆ. ನಿಮ್ಮ ಸಭೆಯಲ್ಲಿ ಎದ್ದು ಹೋದವರು ‘ಯಾರು ಉಳಿಯುತ್ತಾರೆ’ ಎಂದು ಕಾಯುತ್ತಿದ್ದರು. ಕೂತೇ ಉಳಿದವರು ನಡುವೆ ಎಲ್ಲೋ ಒಂದು ಕಡೆ ಆ ಪ್ರಶ್ನೆಯನ್ನು ಕೈಬಿಟ್ಟು, ‘ಇವನು ಹೇಗೆ ಸಾಯುತ್ತಾನೆ’ ಎಂದು ನೋಡತೊಡಗಿದ್ದರು. ‘ದಿ ಗ್ರೇ’ ಉತ್ತರ ಕೊಡುವುದು ಈ ಎರಡನೆಯ ಪ್ರಶ್ನೆಗೆ ಮಾತ್ರ. ಮೊದಲನೆಯ ಪ್ರಶ್ನೆ ಹಿಡಿದು ಕೂತವರಿಗೆ ಎರಡು ಗಂಟೆಯ ಕಾಯುವಿಕೆಯ ಕೊನೆಗೆ ಸಿಗುವುದು ಕಪ್ಪು ಪರದೆ. ಅವರ ಸಿಟ್ಟು ನ್ಯಾಯವಾದದ್ದೇ. ಆದ್ದರಿಂದ ಪ್ರದರ್ಶನ ಏರ್ಪಡಿಸುವವರ ಮುಖ್ಯ ಕೆಲಸ ದೀಪ ಆರುವ ಮೊದಲೇ ಇರುತ್ತದೆ: ಕಥೆ ಬಿಟ್ಟುಕೊಡದೆ ಪ್ರೇಕ್ಷಕರ ಕೈಗೆ ಸರಿಯಾದ ಪ್ರಶ್ನೆಯನ್ನು ಇಡುವುದು.

ಇದು ನಿಮ್ಮ ಊರಿನ ಪ್ರೇಕ್ಷಕರಿಗೆ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ 2012ರ ಜನವರಿ 27ರಂದು ಬಿಡುಗಡೆಯಾದಾಗಲೂ ಹೀಗೇ ಆಗಿತ್ತು. ಸುಮಾರು 2.5 ಕೋಟಿ ಡಾಲರ್ ಖರ್ಚಿನ ಚಿತ್ರ ಮೊದಲ ವಾರಾಂತ್ಯದಲ್ಲೇ 2 ಕೋಟಿಯ ಹತ್ತಿರ ಗಳಿಸಿ ಮೊದಲ ಸ್ಥಾನಕ್ಕೇರಿತು. ಆದರೆ ಸಿನೆಮಾಸ್ಕೋರ್ ಸಮೀಕ್ಷೆಯಲ್ಲಿ ಪ್ರೇಕ್ಷಕರು ಕೊಟ್ಟ ದರ್ಜೆ ‘ಬಿ ಮೈನಸ್’. ಆ ಸಮೀಕ್ಷೆ ನಡೆಯುವ ರೀತಿ ಗೊತ್ತಿದ್ದರೆ ಈ ದರ್ಜೆಯ ಅರ್ಥ ತಿಳಿಯುತ್ತದೆ. ಬಿಡುಗಡೆಯ ದಿನ ಚಿತ್ರಮಂದಿರದಿಂದ ಹೊರಬರುವವರ ಕೈಗೆ ಕಾರ್ಡ್ ಕೊಟ್ಟು, ಅಲ್ಲೇ ತುಂಬಿಸಿಕೊಳ್ಳುತ್ತಾರೆ. ಮೊದಲ ದಿನವೇ ದುಡ್ಡು ಕೊಟ್ಟು ಬಂದವರು ಚಿತ್ರವನ್ನು ಮೆಚ್ಚಲೆಂದೇ ಬಂದವರು. ಅವರ ಕೈ ಸಾಮಾನ್ಯವಾಗಿ ಧಾರಾಳ. ಅಂಥವರೂ ‘ಬಿ ಮೈನಸ್’ ಬರೆದರೆಂದರೆ ಬಹಳ ಮಂದಿ ಬೇರೇನನ್ನೋ ನಿರೀಕ್ಷಿಸಿ ಬಂದಿದ್ದರು ಎಂದರ್ಥ. ಈ ಕಾರ್ಡ್ ಚಿತ್ರದ ಗುಣವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ, ಜಾಹೀರಾತು ಕೊಟ್ಟ ಮಾತನ್ನು ಚಿತ್ರ ಉಳಿಸಿಕೊಂಡಿತೇ ಎಂಬುದನ್ನು ಅಳೆಯುತ್ತದೆ. ವಿಮರ್ಶಕರ ಪಾಳಯದಲ್ಲಿ ಸ್ವಾಗತ ಹೆಚ್ಚು ಬೆಚ್ಚಗಿತ್ತು. ಈ ಚಿತ್ರ ನೋಡಿದ ಅದೇ ದಿನ ಇನ್ನೊಂದಕ್ಕೆ ಕೂತ ರೋಜರ್ ಎಬರ್ಟ್, ಮನಸ್ಸು ಅಲ್ಲಾಡಿಹೋಗಿದ್ದರಿಂದ ಆ ಎರಡನೆಯದನ್ನು ಅರ್ಧಕ್ಕೇ ಬಿಟ್ಟು ಹೊರಬಂದೆ ಎಂದು ತಮ್ಮ ವಿಮರ್ಶೆಯಲ್ಲೇ ಬರೆದರು.

ಜಾಹೀರಾತು ಕೊಟ್ಟ ಮಾತು ಏನಾಗಿತ್ತು? ನಾಯಕ ನಟ ಲಿಯಾಮ್ ನೀಸನ್ ಬೆರಳುಗಳ ಸಂದಿಗೆ ಒಡೆದ ಪುಟ್ಟ ಮದ್ಯದ ಬಾಟಲಿಗಳನ್ನು ಟೇಪಿನಿಂದ ಬಿಗಿದುಕೊಂಡು ತೋಳದ ಮೇಲೆ ನುಗ್ಗುವುದನ್ನು ಟ್ರೇಲರ್ ತೋರಿಸಿತ್ತು. ‘ಟೇಕನ್’ ಬಂದ ಮೇಲೆ ನೀಸನ್ ಎಂದರೆ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಮುಗಿಸುವ ನಾಯಕ ಎಂಬ ಚಿತ್ರಣ ಜನರ ಮನಸ್ಸಿನಲ್ಲಿ ಕೂತಿತ್ತು. ಟ್ರೇಲರ್ ನೋಡಿದವರು ಆ ಕಾಳಗ ನಡುವೆ ಎಲ್ಲೋ ಬರುತ್ತದೆ, ಆಮೇಲೆ ಇನ್ನೂ ದೊಡ್ಡದೊಂದು ಇರುತ್ತದೆ ಎಂದುಕೊಂಡರು. ಅದು ಇಡೀ ಚಿತ್ರದ ಕೊನೆಯ ಗಳಿಗೆ. ಆತ ನುಗ್ಗುತ್ತಾನೆ, ಪರದೆ ಕಪ್ಪಾಗುತ್ತದೆ, ಹೆಸರುಗಳು ಬರತೊಡಗುತ್ತವೆ. ನಿರ್ದೇಶಕ ಜೋ ಕಾರ್ನಹನ್ ಮಾಡಿದ ಈ ಆಯ್ಕೆ ಚಿತ್ರದೊಳಗೆ ಸಂಪೂರ್ಣ ಸರಿ. ಆದರೆ ಟ್ರೇಲರ್ ಮಾಡಿದವರು ಅದೇ ದೃಶ್ಯವನ್ನು ಅಂಗಡಿಯ ಮುಂದೆ ತೂಗುಹಾಕಿದ್ದರಿಂದ, ಕೊನೆಯ ಕಡಿತ ಜನರಿಗೆ ವಂಚನೆಯಂತೆ ಕಂಡಿತು. ನಿಮ್ಮ ಪೋಸ್ಟರಿನಲ್ಲೂ ತೋಳ ಇತ್ತೇ ಎಂದು ಒಮ್ಮೆ ನೋಡಿ. ಇದ್ದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಹುಟ್ಟಿದೆ.

ಇನ್ನು ಚಿತ್ರದ ಒಡಲಿಗೆ ಬರೋಣ. ವಿಮಾನ ಬಿದ್ದ ಮೇಲೆ ಎಂಟು ಜನ ಉಸಿರಾಡುತ್ತಿರುತ್ತಾರೆ. ಎಂಟೂ ಜನ ಸಾವನ್ನು ಎದುರಿಸುವುದನ್ನು ಬೇರೆ ಬೇರೆ ರೀತಿಯಲ್ಲಿ ಕಟ್ಟಲಾಗಿದೆ, ಪ್ರೇಕ್ಷಕರು ಸ್ಪಂದಿಸುವ ರೀತಿಯೂ ಒಂದೊಂದಕ್ಕೆ ಒಂದೊಂದು. ಮೊದಲನೆಯವನು ಲೆವೆಂಡನ್, ರಕ್ತ ಹರಿದುಹೋಗುತ್ತಿದೆ, ತೋಳದ ಸುಳಿವೇ ಇನ್ನೂ ಇಲ್ಲ. ನೀಸನ್ ಆಡಿದ ಆಟ್ವೇ ಎಂಬ ಪಾತ್ರ ಅವನ ಪಕ್ಕ ಕೂತು ಸುಳ್ಳು ಸಮಾಧಾನ ಹೇಳುವುದಿಲ್ಲ. ನೀನು ಸಾಯುತ್ತಿದ್ದೀಯ ಎಂದು ತಣ್ಣಗೆ ತಿಳಿಸಿ, ನಿನಗೆ ಯಾರ ಮೇಲೆ ಪ್ರೀತಿಯಿದೆಯೋ ಅವರನ್ನು ನೆನೆಸಿಕೋ ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಹತ್ತಿರದವರ ಪಕ್ಕ ಕೂತು ಕೊನೆಯ ಗಳಿಗೆ ಕಳೆದವರು ಚಿತ್ರಕ್ಕೆ ಒಲಿಯುವುದು ಇಲ್ಲೇ. ಇದನ್ನು ‘ಕಥೆ ಇನ್ನೂ ಶುರುವಾಗಿಲ್ಲ’ ಎಂದು ಕಳೆದವರು ಮುಂದೆಯೂ ಕಾಯುತ್ತಲೇ ಇರುತ್ತಾರೆ. ಸಭೆ ಒಡೆಯುವ ಮೊದಲ ಬಿರುಕು ಈ ದೃಶ್ಯದಲ್ಲೇ ಬೀಳುತ್ತದೆ.

ಎರಡನೆಯ ಬಿರುಕು ಡಿಯಾಸ್. ಮೊದಲರ್ಧದಲ್ಲಿ ಎಲ್ಲರಿಗೂ ಕಿರಿಕಿರಿಯಾಗುವ ಬಾಯಿಬಡುಕ ಅವನು. ಕಾಲು ಸೋತು, ಹೊಳೆಯ ದಂಡೆಯಲ್ಲಿ ಬೆಟ್ಟ ನೋಡುತ್ತ ಕೂತು, ನಾನು ಇನ್ನು ಬರುವುದಿಲ್ಲ ಎನ್ನುತ್ತಾನೆ. ಅವನನ್ನು ಯಾರೂ ಎಳೆದೊಯ್ಯುವುದಿಲ್ಲ, ಉಪದೇಶ ಕೊಡುವುದಿಲ್ಲ. ಮೂವರೂ ತಮ್ಮ ತಮ್ಮ ಮೊದಲ ಹೆಸರು ಹೇಳಿಕೊಳ್ಳುತ್ತಾರೆ, ಉಳಿದ ಇಬ್ಬರು ಅವನನ್ನು ಬೀಳ್ಕೊಡುತ್ತಾರೆ. ಬದುಕುಳಿಯುವ ಕಥೆಗಳಲ್ಲಿ ಸೋಲೊಪ್ಪಿಕೊಳ್ಳುವವನು ಹೇಡಿ ಎಂಬ ಲೆಕ್ಕ ಇರುತ್ತದೆ; ಈ ಚಿತ್ರ ಆ ಲೆಕ್ಕವನ್ನು ಒಪ್ಪುವುದಿಲ್ಲ. ಅದಕ್ಕೇ ಕೆಲವರಿಗೆ ಇದು ಚಿತ್ರದ ಅತಿ ಸುಂದರ ದೃಶ್ಯ, ಕೆಲವರಿಗೆ ಸಹಿಸಲಾಗದ ದೃಶ್ಯ. ಚರ್ಚೆಯಲ್ಲಿ ಈ ಎರಡೂ ಮಾತು ಬರಲಿ, ತಡೆಯಬೇಡಿ.

ಅದಾದ ಮೇಲೆ ಹೆಂಡ್ರಿಕ್. ಹೊಳೆಯಲ್ಲಿ ಕಾಲು ಬಂಡೆಗೆ ಸಿಕ್ಕಿಕೊಂಡು, ನೀರಿನ ಮೇಲ್ಮೈಗೆ ಕೆಲವೇ ಅಂಗುಲ ಕೆಳಗೆ ಅವನ ಮುಖ. ಆಟ್ವೇ ತನ್ನ ಉಸಿರನ್ನೇ ಊದುತ್ತಿದ್ದರೂ ಉಳಿಸಲಾಗುವುದಿಲ್ಲ. ಇಲ್ಲಿ ಅವನನ್ನು ಕೊಲ್ಲುವುದು ತೋಳವಲ್ಲ, ಒಂದು ಕಲ್ಲು. ಇಡೀ ಚಿತ್ರದಲ್ಲಿ ಸಭಾಂಗಣ ಅತಿ ಹೆಚ್ಚು ಹೊಯ್ದಾಡುವುದು ಇಲ್ಲೇ. ದ್ವೇಷಿಸಲು ಎದುರಾಳಿ ಇದ್ದಷ್ಟು ಹೊತ್ತು ಪ್ರೇಕ್ಷಕನಿಗೆ ಹಿಡಿಯಲು ಏನೋ ಒಂದು ಇರುತ್ತದೆ. ಇಲ್ಲಿ ಅದೂ ಇಲ್ಲ. ಬೆನ್ನಿಗೇ ಆಟ್ವೇ ಆಕಾಶದತ್ತ ಮುಖವೆತ್ತಿ ದೇವರನ್ನು ಬೈದು, ಬೇಡಿ, ಉತ್ತರ ಬಾರದಾಗ ನಾನೇ ಮಾಡಿಕೊಳ್ಳುತ್ತೇನೆ ಎಂದು ಏಳುತ್ತಾನೆ. ಭಕ್ತಿಯುಳ್ಳವರಿಗೆ ಇದು ನಾಸ್ತಿಕರ ಚಿತ್ರ ಅನ್ನಿಸಬಹುದು. ಆದರೆ ಇಲ್ಲವೇ ಇಲ್ಲ ಎಂದುಕೊಂಡವನನ್ನು ಯಾರೂ ಹಾಗೆ ಕೂಗಿ ಕರೆಯುವುದಿಲ್ಲ. ದೇವರನ್ನು ‘ನೀನು ಕಲ್ಲು’ ಎಂದು ಜಗಳಕ್ಕೆಳೆಯುವ ಭಕ್ತಿ ನಮ್ಮಲ್ಲಿ ಹೊಸದಲ್ಲವಾದ್ದರಿಂದ, ಕನ್ನಡ ಸಭೆಯಲ್ಲಿ ಈ ದೃಶ್ಯದ ಮಾತು ಚೆನ್ನಾಗಿ ಬೆಳೆಯುತ್ತದೆ.

ನೀಸನ್ ಅವರ ಪತ್ನಿ, ನಟಿ ನತಾಶಾ ರಿಚರ್ಡ್‌ಸನ್, 2009ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀ ಮಾಡುವಾಗ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡಿದ್ದರು. ಚಿತ್ರದಲ್ಲಿ ಆಟ್ವೇ ಪದೇ ಪದೇ ಕಾಣುವ ಹೆಂಡತಿ ಅವನನ್ನು ಬಿಟ್ಟು ಹೋದವಳಲ್ಲ, ಕಾಯಿಲೆಯಿಂದ ಸತ್ತವಳು ಎಂಬುದು ಕೊನೆಯಲ್ಲಿ ಕಾಣುವ ಡ್ರಿಪ್ ನಳಿಗೆಯಿಂದ ತಿಳಿಯುತ್ತದೆ. ನಟನ ನಿಜ ಜೀವನ ಗೊತ್ತಿದ್ದವರು ಆ ಹೊತ್ತಿಗೆ ಬೇರೆಯೇ ಚಿತ್ರ ನೋಡುತ್ತಿರುತ್ತಾರೆ. ಪರಿಚಯದ ಮಾತಿನಲ್ಲಿ ಇದನ್ನು ಹೇಳಬೇಡಿ. ಹೇಳಿದರೆ ಹೆಂಡತಿಯ ಗುಟ್ಟು ಮೊದಲೇ ಒಡೆಯುತ್ತದೆ. ಚರ್ಚೆಯಲ್ಲಿ ಯಾರಾದರೂ ಎತ್ತಿದರೆ ಸಾಕು.

ಈಗ ತೋಳದ ಜಗಳ. ಆಕ್ಷೇಪ ಎತ್ತಿದವರ ಪಾಲಿಗೆ ಸತ್ಯ ಬಹಳ ಇದೆ, ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಚಿತ್ರದ ತೋಳಗಳು ತಮ್ಮ ಗೂಡಿನ ಸರಹದ್ದು ಕಾಯಲು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತವೆ. ಅಸಲಿಗೆ ತೋಳಕ್ಕೆ ಗೂಡು ಬೇಕಾಗುವುದು ಮರಿ ಹಾಕುವಾಗ, ಅಂದರೆ ವಸಂತದಲ್ಲಿ. ನಡುಚಳಿಗಾಲದಲ್ಲಿ ಕಾಯಲು ಗೂಡೇ ಇರುವುದಿಲ್ಲ. ಹಿಂಡು ಬೇಟೆಯ ಹಿಂದೆ ಅಲೆಯುತ್ತಿರುತ್ತದೆ. ಅಪಘಾತದ ಜಾಗದಲ್ಲಿ ಅಷ್ಟೊಂದು ಹೆಣಗಳು ಬಿದ್ದಿರುವಾಗ, ಬೆಂಕಿ ಹಿಡಿದು ಎದುರಿಸುವ ಜೀವಂತ ಮನುಷ್ಯರ ಬೆನ್ನು ಹತ್ತುವುದೂ ಬೇಟೆಯ ಪ್ರಾಣಿಯ ಲೆಕ್ಕಾಚಾರಕ್ಕೆ ಒಗ್ಗುವುದಿಲ್ಲ. ಅಲಾಸ್ಕದಲ್ಲಿ 7,000ದಿಂದ 11,000 ತೋಳಗಳಿವೆ ಎಂಬುದು ಅಲ್ಲಿನ ಸರ್ಕಾರದ ಅಂದಾಜು. ಅಷ್ಟಿದ್ದೂ ಈ ಶತಮಾನದ ಮೊದಲೆರಡು ದಶಕದಲ್ಲಿ ಇಡೀ ಉತ್ತರ ಅಮೆರಿಕದಲ್ಲಿ ಕಾಡುತೋಳಗಳಿಂದ ಸಾವು ಎಂದು ದಾಖಲಾದದ್ದು ಎರಡೇ: 2005ರಲ್ಲಿ ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ ಒಂದು, 2010ರಲ್ಲಿ ಅಲಾಸ್ಕದಲ್ಲಿ ಒಂದು. ಬಿಡುಗಡೆಯ ಹೊತ್ತಿಗೆ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೆಟಾ ಸಂಸ್ಥೆ ಬಹಿಷ್ಕಾರಕ್ಕೆ ಕರೆ ಕೊಟ್ಟದ್ದೂ ತೋಳವನ್ನು ಹೀಗೆ ರಾಕ್ಷಸನನ್ನಾಗಿ ಮಾಡಿದ್ದಕ್ಕೆ, ಮತ್ತು ಚಿತ್ರೀಕರಣಕ್ಕಾಗಿ ಬೋನುಗಾರನಿಂದ ಸತ್ತ ತೋಳಗಳನ್ನು ತರಿಸಿದ್ದಕ್ಕೆ.

ಭಾರತದ ಪ್ರೇಕ್ಷಕರಿಗೆ ಈ ಅಂಕಿ ಹೇಳುವಾಗ ಒಂದು ಎಚ್ಚರ ಬೇಕು. 2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್ ಜಿಲ್ಲೆಯಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದ ಸುದ್ದಿ ಎಲ್ಲರ ನೆನಪಿನಲ್ಲಿದೆ. ಅಲ್ಲಿ ಊರು, ಹೊಲ, ತೋಳ ಒಂದಕ್ಕೊಂದು ಅಂಟಿಕೊಂಡಿವೆ. ಅಲಾಸ್ಕದ ನಿರ್ಜನ ಹಿಮದ ಮಾತೇ ಬೇರೆ. ಕೊಪ್ಪಳದ ಕಡೆಯ ಕುರಿಗಾಹಿಗಳು ಸಭೆಯಲ್ಲಿದ್ದರೆ ಅವರನ್ನು ಮಾತಾಡಿಸಿ. ಬಂಕಾಪುರ ತೋಳಧಾಮದ ಸುತ್ತಮುತ್ತ ಕುರಿ ಕಾಯುವವರಿಗೆ ತೋಳ ಎಂದರೆ ಮರಿ ಕದಿಯುವ ಕಳ್ಳ, ಸೇಡು ತೀರಿಸಿಕೊಳ್ಳುವ ಶತ್ರುವಲ್ಲ.

ಬದುಕುಳಿಯುವ ಕಲೆ ಬಲ್ಲವರ ಆಕ್ಷೇಪಗಳು ಇನ್ನೊಂದು ಕಟ್ಟು. ವಿಮಾನದ ಅವಶೇಷ ಬಿಟ್ಟು ಹೋಗಬಾರದು ಎಂಬುದು ಮೊದಲ ನಿಯಮ, ಅದು ಸರಿ. ಆಕಾಶದಿಂದ ಹುಡುಕುವವರಿಗೆ ನಡೆಯುವ ಮನುಷ್ಯನಿಗಿಂತ ಮುರಿದ ರೆಕ್ಕೆ ಬೇಗ ಕಾಣುತ್ತದೆ. ತುರ್ತು ಸಂಕೇತ ಕಳಿಸುವ ಬೀಕನ್ ಕೂಡ ವಿಮಾನದಲ್ಲೇ ಇರುತ್ತದೆ; 406 ಮೆಗಾಹರ್ಟ್ಸ್‌ನ ಸಂಕೇತವನ್ನು ಉಪಗ್ರಹ ಹಿಡಿಯುತ್ತದೆ. ಬರ್ಕ್ ಎಂಬವನು ಎತ್ತರದಲ್ಲಿ ಆಮ್ಲಜನಕ ಸಾಲದೆ ಸಾಯುವುದು ನಂಬಲು ಕಷ್ಟ. ಅಂಥ ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರಿನ ಮೇಲೆ. ಅಲಾಸ್ಕದಲ್ಲಿ 1,000 ಮೀಟರಿನ ಆಸುಪಾಸಿಗೇ ಕಾಡು ಮುಗಿದಿರುತ್ತದೆ. ಅವರು ನಡೆಯುತ್ತಿರುವುದು ದಟ್ಟ ಮರಗಳ ನಡುವೆ! ಎಲ್ಲಕ್ಕಿಂತ ದೊಡ್ಡ ತಪ್ಪು ಹೊಳೆಯದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಕದಿಯುತ್ತದೆ. ಹಿಮದಂಥ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳಲು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮೊದಲು ಒಂದು ಗಂಟೆ ಇರುತ್ತದೆ ಎಂದು ತಣ್ಣೀರಿನ ಸುರಕ್ಷತೆ ಕಲಿಸುವವರು ಹೇಳುತ್ತಾರೆ. ಆ ಹೊಳೆಯಿಂದ ತೊಯ್ದು ಬಂದವನ ಬೆರಳುಗಳಿಗೆ ಟೇಪ್ ಸುತ್ತುವ ಶಕ್ತಿ ಉಳಿದಿರುವುದಿಲ್ಲ. ಅಂದರೆ ಪ್ರಸಿದ್ಧವಾದ ಆ ಕೊನೆಯ ದೃಶ್ಯ ದೇಹದ ಲೆಕ್ಕದಲ್ಲಿ ಅಸಾಧ್ಯ.

ಹಾಗಿದ್ದೂ ಮೈಮೇಲೆ ಚಳಿ ಬಂದಂತಾಗುವುದೇಕೆ? ಚಿತ್ರೀಕರಣ ನಡೆದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸ್ಮಿದರ್ಸ್ ಸುತ್ತಿನ ನಿಜವಾದ ಹಿಮದಲ್ಲಿ. ಗಾಳಿ, ಮೀಸೆಗೆ ಕಟ್ಟಿದ ಮಂಜು, ಬಿಕ್ಕುವ ಉಸಿರು ಅಲ್ಲಿನವೇ. ತೋಳ ಸುಳ್ಳು, ಚಳಿ ನಿಜ. ಪ್ರಾಣಿಯನ್ನು ನಂಬದವರೂ ಪಾತ್ರಗಳ ದಣಿವನ್ನು ನಂಬುವುದು ಹೀಗೆ.

ಇನ್ನು ಮರುಪ್ರದರ್ಶನದ ವಿಚಾರ. ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು; ಮನೆಯ ಓಟಿಟಿ ಖಾತೆ ಅಥವಾ ಡಿವಿಡಿ ಆ ಹಕ್ಕನ್ನು ಕೊಡುವುದಿಲ್ಲ. ಪೋಸ್ಟರಿಗೆ ತೋಳ ಬೇಡ, ಬಾಟಲಿ ಬೇಡ. ಹಿಮದಲ್ಲಿ ನಡೆಯುವ ಪುಟ್ಟ ಮನುಷ್ಯಾಕೃತಿಗಳು ಸಾಕು. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ, ಎಂದರೆ 17ರೊಳಗಿನವರು ಹಿರಿಯರೊಡನೆಯೇ ನೋಡಬೇಕು. ‘ವಯಸ್ಕರಿಗೆ’ ಎಂದು ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಪ್ರಾಣಿಯ ಸಿನಿಮಾ ಎಂದು ಮಕ್ಕಳನ್ನು ಕರೆತರುತ್ತಾರೆ. ಆರಂಭದಲ್ಲೇ ನಾಯಕ ಬಂದೂಕಿನಿಂದ ಪ್ರಾಣ ಕಳೆದುಕೊಳ್ಳಲು ಹೊರಡುವ ದೃಶ್ಯವಿದೆ. ಇದನ್ನು ಕರಪತ್ರದಲ್ಲೂ ಬಾಯಿಮಾತಿನಲ್ಲೂ ಮೊದಲೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬಾಗಿಲ ಬಳಿ ಅಂಟಿಸಿಡಿ. ಕನ್ನಡದಲ್ಲೂ ಮಾತಾಡುತ್ತಾರೆ, ಹಗಲಿರುಳು ಸಿಗುತ್ತಾರೆ.

ಸಮಯ ಹೀಗೆ ಹಂಚಿಕೊಳ್ಳಿ: ಚಿತ್ರ 117 ನಿಮಿಷ, ಪರಿಚಯಕ್ಕೆ 5, ಮುಗಿದ ಮೇಲೆ ಮೌನಕ್ಕೆ 3, ಚೀಟಿ ಬರೆಯಲು 7, ಮಾತಿಗೆ 45. ಒಟ್ಟು ಮೂರು ಗಂಟೆಗೆ ಮೂರು ನಿಮಿಷ ಕಡಿಮೆ. ಐದಕ್ಕೆ ಶುರುವಾದರೆ ಎಂಟಕ್ಕೆ ಮುಗಿಯುತ್ತದೆ. ಏಳಕ್ಕೆ ಶುರು ಮಾಡಿದರೆ ಕೊನೆಯ ಬಸ್ಸಿಗೆ ಓಡುವವರು ಸರಿಯಾಗಿ ಹೊಳೆಯ ದೃಶ್ಯದಲ್ಲೇ ಏಳುತ್ತಾರೆ, ಉಳಿದವರ ಮನಸ್ಸೂ ಅವರೊಡನೆ ಏಳುತ್ತದೆ. ಇಂಟರ್ವಲ್ ಬೇಡವೇ ಬೇಡ. ನಡುವೆ ಚಹಾ ಕುಡಿದು ಬಂದವರು ‘ಮುಂದೆ ಯಾರು’ ಎಂದು ಊಹಿಸುವ ಆಟ ಶುರುಮಾಡುತ್ತಾರೆ. ನೀವು ತಪ್ಪಿಸಬೇಕೆಂದಿರುವ ಪ್ರಶ್ನೆ ಅದೇ.

ಸಭಾಂಗಣದ ಕತ್ತಲೆಯನ್ನು ಹಿಂದಿನ ದಿನ ಪರೀಕ್ಷಿಸಿ. ಬೆಂಕಿಯ ಸುತ್ತ ಕೂತವರ ಆಚೆ ಕತ್ತಲಲ್ಲಿ ಕಣ್ಣುಗಳು ಹೊಳೆಯುವ ದೃಶ್ಯ ಹಾಕಿ, ಕೊನೆಯ ಸಾಲಿನಲ್ಲಿ ಕೂತು ನೋಡಿ. ಕಣ್ಣು ಕಾಣದಿದ್ದರೆ ಕಿಟಕಿಗೆ ಕಪ್ಪು ಬಟ್ಟೆ ಸಾಲದು ಎಂದರ್ಥ. ಆ ಗಳಿಗೆ ಮಸುಕಾದರೆ ಸಭೆ ನಗುತ್ತದೆ, ಒಮ್ಮೆ ನಕ್ಕ ಸಭೆಯನ್ನು ಮತ್ತೆ ಹಿಡಿಯುವುದು ಕಷ್ಟ. ಚಿತ್ರದ ಚೌಕಟ್ಟು ಬಹಳ ಅಗಲ. 10 ಅಡಿ ಅಗಲದ ಪರದೆಯಲ್ಲಿ ಚಿತ್ರದ ಎತ್ತರ ಸುಮಾರು 4.2 ಅಡಿ ಮಾತ್ರ ಸಿಗುತ್ತದೆ. ಮುಂದಿನ ತಲೆಗಳು ಅಡ್ಡ ಬರದಂತೆ ಪರದೆಯನ್ನು ಎತ್ತರಿಸಿ, ಸಬ್‌ಟೈಟಲನ್ನು ಕೆಳಗಿನ ಕಪ್ಪು ಪಟ್ಟಿಗೆ ಇಳಿಸಿ. ಧ್ವನಿಯ ಮಟ್ಟವನ್ನು ವಿಮಾನ ಬೀಳುವ ದೃಶ್ಯಕ್ಕೆ ಹೊಂದಿಸಬೇಡಿ. ಲೆವೆಂಡನ್ ಸಾಯುವಾಗಿನ ಪಿಸುಮಾತು ಕೊನೆಯ ಸಾಲಿಗೆ ಕೇಳುವಂತೆ ಇಟ್ಟು ಆಮೇಲೆ ಮುಟ್ಟಬೇಡಿ. ಅಪಘಾತ ಕಿವಿಗೆ ಜೋರಾಗಿ ಬಡಿಯುತ್ತದೆ, ಅದು ಬಡಿಯಬೇಕಾದದ್ದೇ.

ಪರಿಚಯದಲ್ಲಿ ‘ಇದು ದುಃಖದ ಚಿತ್ರ, ಧೈರ್ಯ ಮಾಡಿ ನೋಡಿ’ ಎನ್ನಬೇಡಿ. ಜನ ಅಳುವನ್ನು ಬಿಗಿಹಿಡಿದು ಕೂರುತ್ತಾರೆ, ಚಿತ್ರ ಅವರ ಹತ್ತಿರ ಬರುವುದೇ ಇಲ್ಲ. ಇಷ್ಟು ಹೇಳಿದರೆ ಸಾಕು: ‘ಇದು ತೋಳದ ಜೊತೆಗಿನ ಕಾಳಗದ ಸಿನಿಮಾ ಅಲ್ಲ. ಟ್ರೇಲರ್ ನೋಡಿದ್ದರೆ ಅದನ್ನು ಮರೆತುಬಿಡಿ. ಇಲ್ಲಿನ ತೋಳ ಪ್ರಾಣಿಶಾಸ್ತ್ರದ ತೋಳವಲ್ಲ, ಅದರ ಜಗಳ ಆಮೇಲೆ ಮಾಡೋಣ. ಎಂಟು ಜನ ಸಾವಿನ ಎದುರಿಗೆ ನಿಲ್ಲುತ್ತಾರೆ, ಒಬ್ಬೊಬ್ಬರು ಒಂದೊಂದು ರೀತಿ. ಆ ರೀತಿಯನ್ನು ಗಮನಿಸಿ. ಹೆಸರುಗಳೆಲ್ಲ ಓಡಿ ಮುಗಿಯುವ ತನಕ ಯಾರೂ ಏಳಬೇಡಿ.’

ಕೊನೆಯ ವಾಕ್ಯ ಬಿಡಲೇಬಾರದು. ಹೆಸರುಗಳೆಲ್ಲ ಮುಗಿದ ಮೇಲೆ ಕೆಲವೇ ಕ್ಷಣದ ಒಂದು ದೃಶ್ಯವಿದೆ: ಬಿದ್ದ ತೋಳ ಉಸಿರೆಳೆಯುತ್ತಿದೆ, ಅದರ ಮೈಗೆ ಒರಗಿದ ಆಟ್ವೇಯ ತಲೆಯ ಹಿಂಭಾಗ ಕಾಣುತ್ತದೆ. ಯಾರು ಬದುಕಿದರು ಎಂಬುದು ಅದರಿಂದಲೂ ಖಚಿತವಾಗುವುದಿಲ್ಲ. ‘ಕ್ಲೈಮ್ಯಾಕ್ಸೇ ಇಲ್ಲ’ ಎಂದು ಎದ್ದವರಲ್ಲಿ ಹೆಚ್ಚಿನವರು ಇದನ್ನು ಕಂಡೇ ಇರುವುದಿಲ್ಲ. ಓಟಿಟಿಯಲ್ಲಾದರೆ ಹೆಸರು ಶುರುವಾಗುತ್ತಿದ್ದಂತೆ ಪರದೆ ಕಿರಿದಾಗಿ ಮುಂದಿನ ಚಿತ್ರದ ಜಾಹೀರಾತು ಬರುತ್ತದೆ. ಅನುಮತಿಯೊಡನೆ ಬಂದ ಕಡತದಲ್ಲಿ ಆ ಕಾಟ ಇರುವುದಿಲ್ಲ. ದೀಪದ ಸ್ವಿಚ್ಚಿನ ಬಳಿ ನಿಲ್ಲುವ ಕಾರ್ಯಕರ್ತರಿಗೆ ಇದನ್ನು ಬಿಡಿಸಿ ಹೇಳಿ. ಕಪ್ಪು ಪರದೆ ಕಂಡೊಡನೆ ಗುಂಡಿ ಒತ್ತುವ ಕೈಗಳಿಂದ ಎಷ್ಟೋ ಪ್ರದರ್ಶನಗಳು ಹಾಳಾಗುತ್ತವೆ.

ಮಾತು ಶುರುವಾಗುವ ಮೊದಲು ಚೀಟಿ ಬರೆಸಿ. ಮೊದಲು ಬಾಯಿ ತೆರೆಯುವ ಜೋರು ದನಿ ಉಳಿದವರ ಅಭಿಪ್ರಾಯವನ್ನು ಬಾಗಿಸುತ್ತದೆ. ಚೀಟಿಯಲ್ಲಿ ಬರೆದವರು ಆಮೇಲೂ ತಮ್ಮ ಮಾತಿಗೆ ನಿಲ್ಲುತ್ತಾರೆ. ‘ಇಷ್ಟವಾಯಿತೇ’ ಎಂದು ಕೇಳಬೇಡಿ. ಯಾರ ಸಾವು ನಿಮ್ಮನ್ನು ಹೆಚ್ಚು ಕಾಡಿತು, ಚಿತ್ರದ ಮೇಲಿನ ನಂಬಿಕೆ ಎಲ್ಲಿ ತಪ್ಪಿತು, ನೀವೇ ಆಗಿದ್ದರೆ ಎಲ್ಲಿ ಮುಗಿಸುತ್ತಿದ್ದಿರಿ, ಈ ಮೂರು ಕೇಳಿ. ಲೆವೆಂಡನ್‌ನಿಂದ ಮಾತು ತೆಗೆದು, ಡಿಯಾಸ್, ಹೊಳೆ, ಆಕಾಶಕ್ಕೆ ಕೂಗುವುದು, ಆಮೇಲೆ ಕೊನೆ, ಈ ಸಾಲಿನಲ್ಲಿ ನಡೆಸಿ. ತೋಳಕ್ಕೆ ಕಟ್ಟಕಡೆಯ ಹತ್ತು ನಿಮಿಷ ಮಾತ್ರ ಇಡಿ. ಅದನ್ನು ಮೊದಲು ಬಿಟ್ಟರೆ ಉಳಿದದ್ದೆಲ್ಲವನ್ನೂ ತಿಂದುಹಾಕುತ್ತದೆ, ನಿಮ್ಮಲ್ಲಿ ಆದದ್ದೂ ಅದೇ.

ಚೀಟಿಗಳನ್ನು ಎಣಿಸುವಾಗ ‘ತೋಳ ಹೀಗಲ್ಲ’ ಎಂಬವನ್ನೂ ‘ಕೊನೆ ಸರಿಯಿಲ್ಲ’ ಎಂಬವನ್ನೂ ಬೇರೆ ಬೇರೆ ಕಟ್ಟು ಮಾಡಿ. ಮೊದಲನೆಯದು ಚಿತ್ರದ ಮೇಲಿನ ದೂರು; ನೀವು ಏನು ಮಾಡಿದರೂ ಅದು ಕಡಿಮೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಎರಡನೆಯದರಲ್ಲಿ ನಿಮ್ಮ ಪೋಸ್ಟರ್, ಪರಿಚಯ, ದೀಪ ಇವುಗಳ ಪಾಲಿದೆ. ಮೇಲಿನ ಕ್ರಮ ಹಿಡಿದ ಮೇಲೂ ಎರಡನೆಯ ಕಟ್ಟು ದಪ್ಪವಾಗಿದ್ದರೆ, ಪರಿಚಯ ಮಾಡಿದವರು ಏನು ಹೇಳಿದರು ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ವಾರ ಕಳೆದ ಮೇಲೆ ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಮೊದಲ ಪ್ರಶ್ನೆಯನ್ನಷ್ಟೇ ಮತ್ತೊಮ್ಮೆ ಕೇಳಿ. ಅಂದು ಸಿಟ್ಟಿನಿಂದ ಎದ್ದವರ ಹೆಸರುಗಳನ್ನೂ ಆ ಉತ್ತರಗಳಲ್ಲಿ ಹುಡುಕಿ ನೋಡಿ. ಇಂಥ ಇನ್ನೊಂದು ಚಿತ್ರವನ್ನು ಯಾವಾಗ ತೋರಿಸಬಹುದು ಎಂಬುದನ್ನು ಆ ಉತ್ತರಗಳನ್ನು ನೋಡಿ ನಿರ್ಧರಿಸಿ.